ಗೇಟಿನ ಫೋನು ತೃಪ್ತಿಕರವಾಗಿದೆ

ಗೇಟಿನ ಮನೆ
ಮಾರ್ಚ್ 6

ತಮ್ಮನಿಗೆ,

ನಿನ್ನ ತನಿಖಾ ವರದಿಯ ಸಾರಾಂಶವನ್ನು ನಿನ್ನೆ ರೈಲ್ವೆ ಸ್ಟೇಷನ್ನಿನ ನೋಟೀಸ್ ಬೋರ್ಡಿಗೆ ಅಂಟಿಸಿದ್ದಾರೆ. ಅಂಟಿಸಿದವನು ಗೋಂದು ಜಾಸ್ತಿ ಬಳಿದದ್ದರಿಂದ ನಿನ್ನ ಸಹಿ ಅರ್ಧ ಕರಗಿದೆ. ಒಳ್ಳೆಯದೇ ಆಯಿತು. ಪೂರ್ತಿ ಕಾಣಿಸಿದ್ದರೆ ಇವನು ನನ್ನ ತಮ್ಮ ಎಂದು ಹೇಳಿಕೊಳ್ಳುವುದು ಕಷ್ಟವಾಗುತ್ತಿತ್ತು.

ಮೂರು ವಾರ, ಮೂವರು ಅಧಿಕಾರಿಗಳು, ಎರಡು ಜೀಪು. ಕೊನೆಗೆ ಬರೆದದ್ದು ಒಂದೇ ಸಾಲು: "ಗೇಟ್‌ಮ್ಯಾನ್‌ನ ನಿರ್ಲಕ್ಷ್ಯವೇ ಅಪಘಾತಕ್ಕೆ ಕಾರಣ." ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ನೀವು ಅಗೆಯುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಇಲಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದಿರಿ.

ಆ ಇಲಿ ಯಾರೆಂದು ನಿನಗೆ ಗೊತ್ತು. ಹತ್ತೊಂಬತ್ತು ವರ್ಷದಿಂದ ಇದೇ ಗೇಟಿನಲ್ಲಿ ನನ್ನ ಜೊತೆ ಪಾಳಿ ಬದಲಾಯಿಸುತ್ತಿದ್ದವನು. ಒಂದು ದಿನವೂ ಒಂದು ನಿಮಿಷ ತಡವಾಗಿ ಬಂದವನಲ್ಲ ಎಂದು ನಾವೆಲ್ಲ ಗಡಿಯಾರ ಎಂದೇ ಕರೆಯುವವನು. ಈಗ ಅಮಾನತ್ತಾಗಿ ಮನೆಯಲ್ಲಿ ಕೂತಿದ್ದಾನೆ. ಫೆಬ್ರವರಿ ಹನ್ನೆರಡರ ಮಧ್ಯಾಹ್ನ ಗೂಡ್ಸ್ ಗಾಡಿ ಇಟ್ಟಿಗೆ ಲಾರಿಗೆ ಹೊಡೆದು ಲಾರಿ ಚಾಲಕ ಸತ್ತನಲ್ಲ, ಆ ಸಾವು ಇವನ ತಲೆಗೆ ಬಂದಿದೆ. ಜೈಲೇ ಗತಿ ಅನ್ನುತ್ತಾರೆ. ಇವನ ಹೆಂಡತಿ ನಲ್ಲಿಯ ಹತ್ತಿರ ಸಿಕ್ಕಿದ್ದಳು. "ಅಕ್ಕಾ, ನಿಮ್ಮ ತಮ್ಮನೇ ಅಲ್ವಾ ಬರ್ದಿದ್ದು? ಒಂದು ಮಾತು ಕೇಳಬಾರ್ದಿತ್ತಾ?" ಅಂದಳು. ನಾನು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದೆ.

ಇಡೀ ವರದಿಯಲ್ಲಿ ಗೇಟಿನ ಫೋನಿನ ಬಗ್ಗೆ ಒಂದಕ್ಷರವಿಲ್ಲ. ಬಿಸಿಲೇರಿದರೆ ಆ ಫೋನು ಸಾಯುತ್ತದೆ, ಸಂಜೆ ಮತ್ತೆ ಜೀವ ಬರುತ್ತದೆ. ದೂರು ಪುಸ್ತಕದಲ್ಲಿ ಏಳು ಸಲ ಬರೆದಿದ್ದೇನೆ. ನಿನ್ನ ಮೂವರಲ್ಲಿ ಒಬ್ಬನಾದರೂ ಅದನ್ನು ತೆರೆದನೇ? ರೈಲಿನವರ ತಪ್ಪನ್ನು ರೈಲಿನವರೇ ಹುಡುಕಲು ಹೊರಟರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಬೀಳುತ್ತದೆ. ಇದನ್ನು ಹೊರಗಿನವರ ಕೈಗೆ ಕೊಡು. ಅಷ್ಟೇ ಕೇಳುತ್ತೇನೆ.

ಅಕ್ಕ


ಮುಖ್ಯ ಕಚೇರಿ, ಸುರಕ್ಷತಾ ವಿಭಾಗ
ಮಾರ್ಚ್ 15

ಅಕ್ಕಾ,

ನಿನ್ನ ಪತ್ರ ತಲುಪಿತು. ಇನ್ನು ಮುಂದೆ ಇಂಥದ್ದನ್ನು ಕಚೇರಿಯ ವಿಳಾಸಕ್ಕೆ ಬರೆಯಬೇಡ. ಇಲ್ಲಿ ಲಕೋಟೆ ಒಡೆಯುವವರು ಬೇರೆ, ಓದಿ ನಗುವವರು ಬೇರೆ.

ಅಪಘಾತದ ತನಿಖೆ ಬಾವಿಕಟ್ಟೆಯ ಪಂಚಾಯಿತಿಯಲ್ಲ. ಹೊರಗಿನವರನ್ನು ಕರೆದರೆ ಸಿಗ್ನಲ್ ಯಾವುದು, ದೀಪದ ಕಂಬ ಯಾವುದು ಎಂದು ಕಲಿಸುವುದರಲ್ಲೇ ಆರು ತಿಂಗಳು ಹೋಗುತ್ತದೆ. ಕೆಳಗಿನ ಸಿಬ್ಬಂದಿಯ ರಾಗವೂ ನನಗೆ ಹೊಸದಲ್ಲ: ಫೋನಿಲ್ಲ, ಎಣ್ಣೆಯಿಲ್ಲ, ಬಾವುಟ ಹರಿದಿದೆ. ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ. ತಪ್ಪು ತಮ್ಮದು ಎಂದು ಒಬ್ಬನೂ ಹೇಳಿದ್ದಿಲ್ಲ.

ನಿಯಮ ನಿನಗೇ ಗೊತ್ತು. ಗಾಡಿ ಬಿಡುವ ಮುಂಚೆ ಸ್ಟೇಷನ್ ಮಾಸ್ತರು ಗೇಟಿಗೆ ಫೋನ್ ಮಾಡಬೇಕು. ಗೇಟ್‌ಮ್ಯಾನ್ ಗೇಟು ಮುಚ್ಚಿ, ತನ್ನ ಬಳಿ ಇರುವ ಗುಟ್ಟಿನ ಹಾಳೆಯಿಂದ ಒಂದು ಅಂಕಿ ಹೇಳಬೇಕು. ಅಂಕಿ ಬಂತು ಅಂದರೆ ಗೇಟು ಮುಚ್ಚಿದೆ ಎಂದರ್ಥ. ಆ ದಿನ ಗೂಡ್ಸ್ ಗಾಡಿಯ ಎದುರಿಗೆ ಮಾಸ್ತರರ ಪುಸ್ತಕದಲ್ಲಿ ನಲವತ್ತೇಳು ಎಂದಿದೆ. ಗೇಟಿನ ಹಾಳೆಯಲ್ಲೂ ನಲವತ್ತೇಳಕ್ಕೆ ಗೀಟು ಬಿದ್ದಿದೆ. ಫೋನು ಸತ್ತಿದ್ದರೆ ಆ ಅಂಕಿ ಹಾರಿಕೊಂಡು ಹೋಯಿತೇ? ಅಂಕಿ ಕೊಟ್ಟು ಗೇಟು ತೆರೆದಿಟ್ಟವನು ನಿಮ್ಮ ಗಡಿಯಾರ. ಇದರಲ್ಲಿ ಹುಡುಕುವುದೇನೂ ಉಳಿದಿಲ್ಲ.

ನಿನ್ನ ನಿವೃತ್ತಿಗೆ ಮೂರು ವರ್ಷವಿದೆ. ಸುಮ್ಮನಿರು.

ನಿನ್ನ ತಮ್ಮ


ಗೇಟಿನ ಮನೆ
ಮಾರ್ಚ್ 19

ಸನ್ಮಾನ್ಯ ತನಿಖಾಧಿಕಾರಿ ತಮ್ಮನಿಗೆ,

ಪತ್ರಕ್ಕೆ ಕಡತದ ನಂಬರು ಹಾಕುವುದನ್ನು ಮರೆತಿದ್ದೀಯ. ಮಿಕ್ಕಿದ್ದೆಲ್ಲ ಕಚೇರಿಯದೇ ಆಗಿತ್ತು.

ಅಂಕಿಗಳ ವಿಷಯ ಬಿಡು, ಅದು ಬೇರೆ ಮಾತು. ನಾನು ಫೋನಿನ ಕಥೆ ಹೇಳುತ್ತೇನೆ, ನೀನು ಕೇಳು. ಎರಡು ವರ್ಷದ ಹಿಂದೆ ಫೋನು ವಿಭಾಗದಿಂದ ಒಬ್ಬ ಸಾಹೇಬ ಈ ಗೇಟಿಗೆ ತಪಾಸಣೆಗೆ ಬಂದಿದ್ದ. ಬೆಳಗ್ಗೆ ಎಂಟೂ ಇಪ್ಪತ್ತು. ನಾನು ಕೊಟ್ಟ ಚಹಾ ಕುಡಿದ, ಫೋನೆತ್ತಿ ಹಲೋ ಅಂದ, ತಪಾಸಣೆ ಪುಸ್ತಕದಲ್ಲಿ "ಗೇಟಿನ ಫೋನು ತೃಪ್ತಿಕರವಾಗಿದೆ" ಎಂದು ಬರೆದು ಸಹಿ ಹಾಕಿದ. "ಈಗಲ್ಲ ಕಣೋ, ಹನ್ನೊಂದಕ್ಕೆ ಬಾ. ಆಗ ಎತ್ತಿ ನೋಡು" ಅಂದೆ. "ಹನ್ನೊಂದಕ್ಕೆ ಮೀಟಿಂಗ್ ಇದೆ ಅಕ್ಕಾ" ಅಂದು ಜೀಪು ಹತ್ತಿದ.

ಆ ಸಾಹೇಬ ಆಮೇಲೆ ಬಡ್ತಿಯಾಗಿ ಸುರಕ್ಷತಾ ವಿಭಾಗಕ್ಕೆ ಹೋದ. ಈಗ ಅದೇ ಗೇಟಿನ ಅಪಘಾತಕ್ಕೆ ಅವನೇ ತನಿಖಾಧಿಕಾರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಕುಂಬಳಕಾಯಿಯ ಮೇಲೇ ಕುರ್ಚಿ ಹಾಕಿಸಿಕೊಂಡು ವಿಚಾರಣೆ ನಡೆಸಿದೆ.

ಲಾರಿ ಚಾಲಕನ ತಾಯಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಗೇಟಿನ ಆಚೆ ನಿಂತು ಹೋಗುತ್ತಾಳೆ. ಏನೂ ಕೇಳುವುದಿಲ್ಲ. ನಿನ್ನ ತೃಪ್ತಿಯನ್ನು ಅವಳಿಗೊಮ್ಮೆ ವಿವರಿಸು ಬಾ.

ಅಕ್ಕ


ಮನೆಯಿಂದ
ಏಪ್ರಿಲ್ 9

ಅಕ್ಕಾ,

ಮೂರು ಸಲ ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು.

ಅಂಕಿಗಳ ವಿಷಯ ಬಿಡು ಅಂದೆ. ಯಾಕೆ ಬಿಡಲಿ? ಅಪಘಾತದ ಮಾರನೆಯ ದಿನ ಗೇಟಿನ ಕೋಣೆಯಲ್ಲಿ, ದೀಪದ ಎಣ್ಣೆಯ ಡಬ್ಬದ ಹಿಂದೆ ನನಗೊಂದು ನೀಲಿ ರಟ್ಟಿನ ನೋಟ್‌ಬುಕ್ ಸಿಕ್ಕಿತು. ಅದರಲ್ಲಿ ಪ್ರತಿ ದಿನ ಬೆಳಗ್ಗೆ ಏಳೂವರೆಗೇ ಇಡೀ ದಿನದ ಗಾಡಿಗಳಿಗೆಲ್ಲ ಅಂಕಿ ಬರೆದಿಟ್ಟಿದೆ. ಇನ್ನೂ ಹೊರಡದ ಗಾಡಿಗೆ, ಇನ್ನೂ ಮುಚ್ಚದ ಗೇಟಿಗೆ! ಕೊನೆಯ ಪುಟಗಳು ನಿಮ್ಮ ಗಡಿಯಾರದವು. ಮೊದಲ ಪುಟದ ಅಕ್ಷರ ಯಾರದೆಂದು ನನಗೆ ಯಾರೂ ಹೇಳಬೇಕಿಲ್ಲ. ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳದು.

ಅದನ್ನು ಕಡತಕ್ಕೆ ಸೇರಿಸಲಿಲ್ಲ. ನನ್ನ ಮೇಜಿನ ಖಾನೆಯಲ್ಲಿದೆ. ವಿಚಾರಣೆಯಲ್ಲಿ ಗಡಿಯಾರ ನಿನ್ನ ಹೆಸರನ್ನೇ ಎತ್ತಲಿಲ್ಲ. "ನಾನೇ ಮರೆತೆ ಸಾರ್, ನಾನೇ ಮರೆತೆ" ಎಂದು ಹೇಳಿದ್ದನ್ನೇ ಹೇಳಿದ. ಇಂಥ ಇನ್ನೊಬ್ಬ ದಡ್ಡನನ್ನು ನಾನು ಕಂಡಿಲ್ಲ. ಅವನ ದಡ್ಡತನದಿಂದ, ನನ್ನ ಖಾನೆಯಿಂದ, ನೀನು ಇವತ್ತು ಗೇಟಿನ ಮನೆಯಲ್ಲಿ ಕೂತು ನನಗೆ ಕುಂಬಳಕಾಯಿಯ ಗಾದೆ ಬರೆಯುತ್ತಿದ್ದೀಯ.

ಇನ್ನಾದರೂ ಸುಮ್ಮನಾಗು.

ತಮ್ಮ


ಗೇಟಿನ ಮನೆ
ಏಪ್ರಿಲ್ 13

ತಮ್ಮಾ,

ಹೌದು. ನಾನೇ ಶುರು ಮಾಡಿದ್ದು.

ಹನ್ನೊಂದು ವರ್ಷದ ಹಿಂದೆ ಫೋನು ಹಗಲಲ್ಲಿ ಸಾಯಲು ಶುರುವಾದಾಗ ಮೊದಲ ಎರಡು ದಿನ ನಿಯಮದ ಪ್ರಕಾರ ಪ್ರತಿ ಗಾಡಿಗೂ ಕೆಂಪು ಬಾವುಟ ತೋರಿಸಿ ನಿಲ್ಲಿಸಿದೆ. ಮೂರನೆಯ ದಿನ ಆಗಿನ ಮಾಸ್ತರು ಬೆಳಗ್ಗೆಯೇ ಫೋನ್ ಮಾಡಿದ. "ಗಾಡಿ ಲೇಟಾದ್ರೆ ಮೇಲಿನೋರಿಗೆ ಯಾರಪ್ಪ ಉತ್ತರ ಕೊಡ್ತಾನೆ? ಫೋನ್ ಸರಿ ಇರೋವಾಗ್ಲೇ ಇವತ್ತಿನ ಅಂಕಿ ಎಲ್ಲಾ ಒಟ್ಟಿಗೆ ಕೊಟ್ಬಿಡಿ. ಟೈಮ್ ನೋಡ್ಕೊಂಡು ನೀವು ಗೇಟ್ ಹಾಕ್ಕೊಳ್ಳಿ" ಅಂದ. ಕೊಟ್ಟೆ. ಆಮೇಲೆ ಬಂದ ಮಾಸ್ತರುಗಳೆಲ್ಲ ಅದನ್ನೇ ನಿಯಮ ಅಂದುಕೊಂಡರು. ಗಡಿಯಾರ ಒಪ್ಪಿರಲಿಲ್ಲ. "ಏನೂ ಆಗಲ್ಲ ಬಿಡೋ, ನಾನು ಮಾಡ್ತಿಲ್ವಾ?" ಅಂದು ನಾನೇ ಒಪ್ಪಿಸಿದೆ.

ಏನೂ ಆಗಲಿಲ್ಲ, ಹನ್ನೊಂದು ವರ್ಷ. ವೇಳಾಪಟ್ಟಿಯ ಗಾಡಿಗಳು ವೇಳೆಗೆ ಬರುತ್ತವೆ, ನಾವು ವೇಳೆಗೆ ಗೇಟು ಹಾಕುತ್ತೇವೆ. ಫೆಬ್ರವರಿ ಹನ್ನೆರಡಕ್ಕೆ ಪಟ್ಟಿಯಲ್ಲೇ ಇಲ್ಲದ ಖಾಲಿ ಗೂಡ್ಸ್ ಒಂದನ್ನು ಮೇಲಿನವರು ಮೂರೂ ನಲವತ್ತಕ್ಕೆ ಬಿಡಿಸಿದರು. ಫೋನು ಸತ್ತಿತ್ತು. ಮಾಸ್ತರು ನಾಲ್ಕೂ ಹತ್ತರ ಪ್ಯಾಸೆಂಜರಿಗೆ ಬೆಳಗ್ಗೆ ಪಡೆದಿದ್ದ ನಲವತ್ತೇಳನ್ನು ಎತ್ತಿ ಗೂಡ್ಸಿಗೆ ಹಾಕಿ ಸಿಗ್ನಲ್ ಕೊಟ್ಟ. ನಿನ್ನ ಅಂಕಿ ಹಾರಿಕೊಂಡು ಹೋದದ್ದು ಹೀಗೆ. ಗಡಿಯಾರ ನಾಲ್ಕು ಗಂಟೆಗೆ ಗೇಟು ಹಾಕಲು ಕಾಯುತ್ತಿದ್ದ. ತಿರುವಿನಲ್ಲಿ ಸೀಟಿ ಕೇಳಿ ಓಡಿದ. ಹಿಡಿ ತಿರುಗಿಸಿ ಗೇಟು ಇಳಿಸಲು ಒಂದೂವರೆ ನಿಮಿಷ ಬೇಕು. ಅವನಿಗೆ ಸಿಕ್ಕಿದ್ದು ಅರ್ಧ ನಿಮಿಷ.

ನಿನ್ನನ್ನು ಬೈದದ್ದರಲ್ಲಿ ಅರ್ಧ ನನಗೇ ಬೈದುಕೊಂಡದ್ದು. ಈ ಎರಡು ತಿಂಗಳು ಆ ತಾಯಿಯ ಮುಖ ನೋಡಲಾಗದೆ ಅವಳು ಬಂದಾಗ ನಾನು ಬೇಕೆಂದೇ ದೀಪ ಒರೆಸುತ್ತ ಕೂರುತ್ತೇನೆ. ನನ್ನ ಮೇಲೆ ನನಗೆ ಹೇಸಿಗೆಯಾಗಿದೆ. ಆದರೆ ಅಕ್ಕನನ್ನು ಉಳಿಸಿದೆ ಎಂದು ಬೀಗಬೇಡ. ಆ ನೋಟ್‌ಬುಕ್ ಹೊರಗೆ ಬಂದರೆ ಯಾಕೆ ಹೀಗೆ ಮಾಡಿದರು ಎಂದು ಯಾರಾದರೂ ಕೇಳುತ್ತಾರೆ. ಫೋನು ಸತ್ತಿತ್ತು ಎನ್ನಬೇಕಾಗುತ್ತದೆ. ಆಗ ನಿನ್ನ "ತೃಪ್ತಿಕರ" ಹೊರಬರುತ್ತದೆ. ಆ ಖಾನೆಯಲ್ಲಿ ನೀನು ಬಚ್ಚಿಟ್ಟದ್ದು ನಮ್ಮಿಬ್ಬರನ್ನೂ. ನನ್ನ ಹೆಸರು ಮಾತ್ರ ಹೇಳಿದೆ.

ನೋಟ್‌ಬುಕ್ ಕಡತಕ್ಕೆ ಸೇರಿಸು. ನನ್ನ ಕೆಲಸ ಹೋದರೆ ಹೋಗಲಿ.

ಅಕ್ಕ


ಮುಖ್ಯ ಕಚೇರಿ, ಸುರಕ್ಷತಾ ವಿಭಾಗ
ಮೇ 2

ಮಾನ್ಯರೇ,

ಈ ರಿಜಿಸ್ಟರ್ಡ್ ಪಾರ್ಸೆಲಿನಲ್ಲಿರುವ ವಸ್ತುವು ತನಿಖಾ ಕಡತಕ್ಕೆ ಸಂಬಂಧಿಸಿದ್ದಲ್ಲವಾದ ಕಾರಣ ಹಿಂದಿರುಗಿಸಲಾಗಿದೆ. ತಲುಪಿದ ಬಗ್ಗೆ ಉತ್ತರ ಅಗತ್ಯವಿಲ್ಲ.

(ಸಹಿ)


ಗೇಟಿನ ಮನೆ
ಮೇ 21

ತಮ್ಮಾ,

ಮಾನ್ಯರಿಗೆ ನೋಟ್‌ಬುಕ್ ತಲುಪಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಲ್ಲವೇ? ನೀನು ಸೇರಿಸಲಾರೆ, ಸುಡಲೂ ಆರೆ. ಅಕ್ಕನ ಕೈಗೆ ಹಾಕಿ ಕೈ ತೊಳೆದುಕೊಂಡೆ. ಪುಕ್ಕಲ ಎಂದು ಬೈದೆ. ಆದರೂ ಸುಡಲಿಲ್ಲವಲ್ಲ ಎಂದು ಆಮೇಲೆ ಸ್ವಲ್ಪ ಅತ್ತೆ.

ಅದನ್ನು ತೆಗೆದುಕೊಂಡು ಹೊರಗಿನ ಸುರಕ್ಷತಾ ಆಯುಕ್ತರ ಹತ್ತಿರ ಹೋದೆ. ರೈಲಿನವರಲ್ಲ, ಸರ್ಕಾರದ ಬೇರೆ ಇಲಾಖೆಯವರು ಎಂದು ದೊಡ್ಡ ಆಸೆ ಇಟ್ಟುಕೊಂಡಿದ್ದೆ. ಆಯುಕ್ತರು ಕೂರುವುದು ರೈಲಿನ ಅತಿಥಿಗೃಹದ ಒಂದು ಕೋಣೆಯಲ್ಲಿ. ಕುರ್ಚಿಯ ಬೆನ್ನಿಗೆ ರೈಲಿನ ಮುದ್ರೆ. ಟೈಪ್ ಮಾಡುವವಳು ರೈಲಿನವಳು. ಚಹಾದ ಲೋಟದ ಮೇಲೂ ರೈಲಿನ ಹೆಸರು. ಮನುಷ್ಯ ಒಳ್ಳೆಯವರು. ಪೂರ್ತಿ ನೋಟ್‌ಬುಕ್ ಓದಿದರು. ನಾನು ಹೇಳಿದ್ದನ್ನೆಲ್ಲ ಬರೆಸಿಕೊಂಡರು.

"ಅಮ್ಮಾ, ನಾನು ಬರೀಬಲ್ಲೆ. ಬರೆದಿದ್ದನ್ನ ಮಾಡ್ಲೇಬೇಕು ಅನ್ನೋ ಅಧಿಕಾರ ನಂಗಿಲ್ಲ" ಅಂದರು. ಗೋಡೆಯ ಕಪಾಟು ತೆಗೆದು ತೋರಿಸಿದರು. ಹದಿನಾಲ್ಕು ವರ್ಷದ ಶಿಫಾರಸುಗಳು. ಪ್ರತಿಯೊಂದಕ್ಕೂ ನಿಮ್ಮವರ ಉತ್ತರ ಪಿನ್ನು ಹಾಕಿಟ್ಟಿದೆ: ಪರಿಶೀಲನೆಯಲ್ಲಿದೆ. ಪರಿಶೀಲನೆಯಲ್ಲಿದೆ. ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ಪರಿಶೀಲಿಸಿದರೆ ಯಾರಿಗಾದರೂ ಕಣ್ಣೇ ಹೋಗುತ್ತದೆ.

ಗಡಿಯಾರನ ಕೇಸಿನ ಬಗ್ಗೆ ಕೇಳಿದೆ. "ಇದು ನಿಮ್ಮಿಬ್ಬರದೇ ಕೈಬರಹ, ಅವರು ನಿಮ್ಮ ಜೊತೆಗಾರರು. ಉಳಿಸೋಕೆ ಬರೆದಿದ್ದು ಅಂತಾರೆ. ಆ ಫೋನು ಹಗಲಲ್ಲಿ ಸತ್ತಿರುತ್ತೆ ಅಂತ ಒಬ್ಬ ಅಧಿಕಾರಿ, ಒಬ್ಬನೇ ಒಬ್ಬ, ಕಣ್ಣಾರೆ ಕಂಡು ಸಹಿ ಹಾಕ್ಲಿ. ನಾನು ತನಿಖೆ ಮತ್ತೆ ತೆರೆಸ್ತೀನಿ" ಅಂದರು. ಕೋರ್ಟಿನ ದಿನ ಜುಲೈ ಆರು.

ನನ್ನ ತಪ್ಪೊಪ್ಪಿಗೆಯನ್ನು ನಿಮ್ಮವರಿಗೂ ಒಂದು ಪ್ರತಿ ಕಳಿಸಿದೆ. ಕ್ರಮವೇನೂ ಇಲ್ಲ. ಯಾಕೆಂದರೆ ಗೇಟಿಗೆ ಬೇರೆ ಜನವಿಲ್ಲ! ತಪ್ಪಿತಸ್ಥೆಯಾದರೂ ಪರವಾಗಿಲ್ಲ, ಪಾಳಿ ಖಾಲಿ ಬೀಳಬಾರದು.

ಹಾಗಾದರೆ ಇದನ್ನು ಸರಿ ಮಾಡಿಸುವವರು ಯಾರು? ನೀನು ಮುಚ್ಚಿಡುತ್ತೀಯ. ಅವರು ಬರೆದಿಡುತ್ತಾರೆ. ಉಳಿದವಳು ಬಾವುಟ ಹಿಡಿದಿರುವ ನಾನು. ನಿಯಮದ ಪುಸ್ತಕ ತೆಗೆದು ನೋಡಿದೆ, ಆ ಪುಟ ಇನ್ನೂ ಅಲ್ಲೇ ಇದೆ: ಫೋನು ಕೆಟ್ಟರೆ ಗಾಡಿಯನ್ನು ಗೇಟಿನ ಮುಂಚೆ ನಿಲ್ಲಿಸಿ, ಗೇಟು ಮುಚ್ಚಿ, ಆಮೇಲೆ ಬಿಡಬೇಕು. ಸೋಮವಾರದಿಂದ ಹಗಲು ಪಾಳಿ ನನ್ನದು. ಬೆಳಗ್ಗೆಯೇ ಅಂಕಿ ಕೊಡುವುದಿಲ್ಲ. ಫೋನು ಸತ್ತಮೇಲೆ ಬರುವ ಪ್ರತಿ ಗಾಡಿಯೂ ನಿಲ್ಲುತ್ತದೆ. ಹನ್ನೊಂದು ವರ್ಷದ ಹಿಂದೆ ಮೂರನೆಯ ದಿನ ಮಾಡಬೇಕಿದ್ದ ಕೆಲಸ.

ಅಕ್ಕ


ಮುಖ್ಯ ಕಚೇರಿ, ಸುರಕ್ಷತಾ ವಿಭಾಗ
ಜೂನ್ 11

ಆರೋಪ ಪತ್ರ

ಗೇಟ್ ಸಿಬ್ಬಂದಿಯಾದ ನೀವು ಮೇ 25ರಿಂದ ಮೇ 29ರವರೆಗೆ ಹಗಲು ಪಾಳಿಯಲ್ಲಿ ಒಟ್ಟು 31 ಗಾಡಿಗಳನ್ನು ಕೆಂಪು ಬಾವುಟ ತೋರಿಸಿ ತಡೆದು, ಸಂಚಾರಕ್ಕೆ ಅಡ್ಡಿಪಡಿಸಿರುತ್ತೀರಿ. ಸದರಿ ದಿನಗಳಲ್ಲಿ ಗೇಟಿನ ಫೋನು ಕೆಟ್ಟಿತ್ತು ಎಂಬ ನಿಮ್ಮ ಹೇಳಿಕೆಗೆ ಇಲಾಖೆಯ ದಾಖಲೆಗಳಲ್ಲಿ ಆಧಾರವಿರುವುದಿಲ್ಲ. ನಿಮ್ಮನ್ನು ಅಮಾನತಿನಲ್ಲಿಡಲಾಗಿದೆ. ಹದಿನೈದು ದಿನಗಳೊಳಗೆ ಉತ್ತರ ಸಲ್ಲಿಸತಕ್ಕದ್ದು.

(ಸಹಿ)


ಗೇಟಿನ ಮನೆ
ಜೂನ್ 14

ತಮ್ಮಾ,

ಹದಿನೈದು ದಿನ ಬೇಡ, ಮೂರೇ ಸಾಕು. ತಪ್ಪೊಪ್ಪಿಕೊಂಡಾಗ ಗೇಟಿಗೆ ಸಿಗದ ಬದಲಿ ಜನ ಗಾಡಿ ನಿಲ್ಲಿಸಿದ ಮೇಲೆ ಸಿಕ್ಕರು, ನೋಡು. ಆರೋಪ ಒಪ್ಪುತ್ತೇನೆ. ನಿಲ್ಲಿಸಿದೆ. ಸೋಮವಾರ ಆರು ಗಾಡಿ ನಿಲ್ಲಿಸಿದಾಗ ಚಾಲಕರು ಬೈದರು. ಮಂಗಳವಾರ ಕಿಟಕಿಯಿಂದ ಪ್ರಯಾಣಿಕರು ಬೈದರು. ಬುಧವಾರ ಒಬ್ಬ ಚಾಲಕ ಇಳಿದು ಬಂದು ತಾನೇ ಫೋನೆತ್ತಿ ಕಿವಿಗಿಟ್ಟುಕೊಂಡ. "ಸತ್ತೇ ಹೋಗಿದೆಯಲ್ರೀ" ಎಂದು ನನ್ನ ಜೊತೆ ಗೇಟಿನ ಹಿಡಿ ತಿರುಗಿಸಿದ. ಶುಕ್ರವಾರದ ಹೊತ್ತಿಗೆ ನಿಮ್ಮ ಇಡೀ ದಾರಿಯ ವೇಳಾಪಟ್ಟಿ ಕುಲಗೆಟ್ಟಿತ್ತು.

ಶನಿವಾರ ಒಬ್ಬ ಸೈಕಲ್ಲಿನಲ್ಲಿ ಬಂದ. ಮೋರಿಯ ಹತ್ತಿರ ಅಗೆದ. ಬಿಸಿಲಿಗೆ ಬಾಯಿ ಬಿಡುತ್ತಿದ್ದ ತಂತಿಯ ಜೋಡಣೆಯನ್ನು ಕತ್ತರಿಸಿ ಮೊಳದುದ್ದ ಹೊಸ ತಂತಿ ಹಾಕಿದ. ನಲವತ್ತು ನಿಮಿಷದ ಕೆಲಸ. ಅಂದಿನಿಂದ ಫೋನು ಸತ್ತಿಲ್ಲ. ಸತ್ತ ಮನುಷ್ಯನಿಗಾಗಿ ಮಾಡದ್ದನ್ನು ತಡವಾದ ಗಾಡಿಗಾಗಿ ಮಾಡಿದಿರಿ. ಆ ಸೈಕಲ್ಲಿನವನ ಮೇಲೆ ನನಗೆ ಕೋಪವಿಲ್ಲ. ನಿಮ್ಮೆಲ್ಲರ ಮೇಲೆ ಥೂ ಎನ್ನಬೇಕೆನ್ನಿಸುತ್ತದೆ.

ಲಾರಿ ಚಾಲಕನ ತಾಯಿ ಬಂದಾಗ ಈ ಸಲ ದೀಪ ಒರೆಸುತ್ತ ಕೂರಲಿಲ್ಲ. ಹೋಗಿ ಎಲ್ಲಾ ಹೇಳಿದೆ. ನಾನು ಶುರು ಮಾಡಿದ್ದು ಎಂದೂ ಹೇಳಿದೆ. ಅವಳು "ಈಗ ಸರಿ ಹೋಯ್ತಾ ಫೋನು?" ಅಂತಷ್ಟೇ ಕೇಳಿದಳು.

ಇನ್ನು ನಿನ್ನ ಆರೋಪ ಪತ್ರದಲ್ಲಿ ಒಂದು ಲೆಕ್ಕ ತಪ್ಪಿದೆ. ಗಾಡಿ ಮೂವತ್ತೊಂದಲ್ಲ, ಮೂವತ್ತೆರಡು. ಶುಕ್ರವಾರ ಮಧ್ಯಾಹ್ನ ಎರಡೂ ಇಪ್ಪತ್ತರದು ಬಿಟ್ಟುಹೋಗಿದೆ. ಅದರಲ್ಲಿ ಎಂಜಿನ್ನಿನ ಹಿಂದೆಯೇ ಸಾಹೇಬರು ತಪಾಸಣೆಗೆ ಓಡಾಡುವ ಬೋಗಿ ಇತ್ತು. ಹನ್ನೆರಡು ನಿಮಿಷ ನಿಂತಿತ್ತು. ನಾನು ಫೋನಿನಲ್ಲಿ ಹಲೋ ಹಲೋ ಎಂದು ಅರಚಿದ್ದು ನಿನಗೆ ಕೇಳಿತು, ಯಾಕೆಂದರೆ ನೀನು ತಲೆ ಹೊರಗೆ ಹಾಕಿದೆ. ನಾನು ಫೋನನ್ನು ಕಿಟಕಿಯಿಂದ ಹೊರಗೆ ಚಾಚಿ ನಿನಗೆ ತೋರಿಸಿದೆ. ನೀನು ಪರದೆ ಎಳೆದುಕೊಂಡೆ.

ಆಯುಕ್ತರಿಗೆ ಬೇಕಾಗಿರುವ ಆ ಒಬ್ಬ ಅಧಿಕಾರಿ ನೀನು. ಕಣ್ಣಾರೆ ಕಂಡ ಅಧಿಕಾರಿ ಇನ್ನೊಬ್ಬನಿಲ್ಲ. ನನ್ನ ಅಮಾನತು ಹಾಗೇ ಇರಲಿ, ಅದು ನನಗೆ ಸಲ್ಲಬೇಕಾದದ್ದು. ಲೆಕ್ಕ ಮಾತ್ರ ತಿದ್ದು. ಜುಲೈ ಆರು ಹತ್ತಿರ ಬಂತು.

ಅಕ್ಕ


ಮನೆಯಿಂದ
ಜೂನ್ 30

ಅಕ್ಕಾ,

ತಿದ್ದಿದ್ದೇನೆ. ಮೂವತ್ತೆರಡು. ಸಾಕ್ಷಿಯ ಜಾಗ ಖಾಲಿಯಿತ್ತು, ಅಲ್ಲಿ ನನ್ನ ಹೆಸರು ಬರೆದೆ. ಎರಡು ವರ್ಷದ ಹಿಂದಿನ ತಪಾಸಣೆಯ ಪುಟವನ್ನೂ, ನೋಟ್‌ಬುಕ್ ನನಗೆ ಎಲ್ಲಿ ಸಿಕ್ಕಿತು, ಎಷ್ಟು ದಿನ ಎಲ್ಲಿಟ್ಟಿದ್ದೆ ಎಂಬುದನ್ನೂ ಆಯುಕ್ತರಿಗೆ ಬರೆದುಕೊಟ್ಟೆ. ಅವರು ತನಿಖೆ ಮತ್ತೆ ತೆರೆಸಿದ್ದಾರೆ. ಅದು ಮುಗಿಯುವವರೆಗೆ ಗಡಿಯಾರನ ಕೇಸು ಮುಂದೆ ಹೋಗುವುದಿಲ್ಲ. ಅವನ ಹೆಂಡತಿಗೆ ನೀನೇ ಹೇಳು. ನನ್ನ ಹೆಸರು ಹೇಳಬೇಡ.

ಆ ದಿನ ಪರದೆ ಎಳೆದುಕೊಂಡ ಮೇಲೂ ನೀನು ಅರಚುವುದು ಕೇಳುತ್ತಿತ್ತು. ಇಷ್ಟು ಹೇಳಿದರೆ ಸಾಕು ಅನ್ನಿಸುತ್ತದೆ.

ಈಗ ನನ್ನ ಮೇಲೂ ತನಿಖೆ. ಹೊರಗಿನವರಿಗೆ ಕೊಡಿ ಎಂದು ನಾನೇ ಬರೆದು ಕೇಳಿದೆ. ನಗಬೇಡ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು, ಆ ಸಂಜೆಯೇ ಪಕ್ಕದ ಕೋಣೆಯವನನ್ನು ತನಿಖಾಧಿಕಾರಿ ಮಾಡಿದರು. ಎಂಟು ವರ್ಷ ನನ್ನ ಕೈಕೆಳಗೆ ಇದ್ದವನು, ವರದಿ ಬರೆಯುವುದನ್ನು ನನ್ನಿಂದಲೇ ಕಲಿತವನು. ನಿನ್ನೆ ನಾನು ಮೇಜು ಖಾಲಿ ಮಾಡುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತ. "ಸಾರ್, ತಪ್ಪು ತಿಳ್ಕೋಬೇಡಿ. ವರದಿ ಹೇಗ್ ಬರೀಲಿ?" ಅಂದ.

"ಬರೆಯೋಕೆ ಮುಂಚೆ ಈ ದಾರಿಯ ಉಳಿದ ಗೇಟುಗಳಿಗೆ ಹೋಗಿ ಬಾ. ಬೆಳಗ್ಗೆ ಎಂಟಕ್ಕಲ್ಲ. ಹನ್ನೊಂದಕ್ಕೆ ಹೋಗಿ ಫೋನ್ ಎತ್ತಿ ನೋಡು" ಅಂದೆ.

ಅವನು ಕೈಗಡಿಯಾರ ನೋಡಿಕೊಂಡ. "ಹನ್ನೊಂದಕ್ಕೆ ಮೀಟಿಂಗ್ ಇದೆಯಲ್ಲ ಸಾರ್" ಅಂದ.

ತಮ್ಮ